ಕೊನೆಗೆ ತೆಗೆಯಬೇಕಾದ ಕಂಬ

ಸಿವಿಲ್ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಆಗಾಗ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಕಾಫಿ ಕೊಡುತ್ತೇನೆ, ಚಕ್ಕುಲಿ ಕೊಡುತ್ತೇನೆ, ಅನುಭವ ಮಾತ್ರ ಕೊಡುವುದಿಲ್ಲ. ಅವರಿಗೆ ಬೇಕಾಗಿರುವುದು ಬಡ್ತಿ ಯಾವಾಗ ಬರುತ್ತದೆ, ಯಾವ ತಾಲ್ಲೂಕಿನಲ್ಲಿ ತಲೆನೋವು ಕಡಿಮೆ ಎನ್ನುವ ವಿಷಯ. ನನ್ನ ಹತ್ತಿರ ಇರುವುದು ಒಂದು ಹೊಳೆ, ಅದರ ಮೇಲೆ ಹಾಕಿದ ಮುಚ್ಚಳ, ಆ ಮುಚ್ಚಳದ ಕೆಳಗೆ ಸಿಕ್ಕಿಕೊಂಡ ಒಂದು ಕಂಬ. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಸಿಟ್ಟು ಬಂದು ಮಾತು ಕೆಡುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವವರು ಓದಲಿ, ಬಿಡುವವರು ಬಿಡಲಿ.

ನನ್ನ ಸರ್ವೀಸು ಪೂರ್ತಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನೊಳಗೇ ಸುತ್ತಿತು. ಆ ಹೊಳೆ ಇರುವ ಪಟ್ಟಣ ಯಾವುದೆಂದು ಬರೆಯುವುದಿಲ್ಲ. ಆಗ ಅಲ್ಲಿ ಕುರ್ಚಿಯಲ್ಲಿ ಕೂತಿದ್ದ ಕೆಲವರು ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾರೆ. "ಚೆನ್ನಾಗಿದ್ದೀರಾ ಮೇಡಂ?" ಎಂದು ಕೇಳುತ್ತಾರೆ. ಚೆನ್ನಾಗಿದ್ದೇನೆ ಅನ್ನುತ್ತೇನೆ.

ನಮ್ಮದು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಆಚಾರಿ ಮನೆ. ಅಪ್ಪ ಮೊದಲು ಗಾಡಿ, ನೇಗಿಲು ಮಾಡುತ್ತಿದ್ದವರು. ಹೊಲಕ್ಕೆ ಟ್ರಾಕ್ಟರು ಬಂದ ಮೇಲೆ ಆ ಕೆಲಸ ಕೈಬಿಟ್ಟು ಸೆಂಟ್ರಿಂಗ್ ಹಿಡಿದರು. ತಾರಸಿಯಾಗಲಿ ಸೇತುವೆಯಾಗಲಿ, ಕಾಂಕ್ರೀಟು ಸುರಿಯುವ ಮೊದಲು ಅದನ್ನು ಹೊರಲು ಕೆಳಗೆ ಕಂಬ ನಿಲ್ಲಿಸಿ ಮೇಲೆ ಹಲಗೆ ಹಾಸಬೇಕಲ್ಲ, ಅದೇ ಸೆಂಟ್ರಿಂಗ್. ಕಾಂಕ್ರೀಟು ಗಟ್ಟಿಯಾದ ಮೇಲೆ ಅಷ್ಟನ್ನೂ ಬಿಚ್ಚಿ ಹೊರಗೆ ತರಬೇಕು. ಕಾಂಕ್ರೀಟು ಹಾಕುವ ದಿನ ಮನೆಯವರು ತೆಂಗಿನಕಾಯಿ ಒಡೆಯುತ್ತಾರೆ, ಕೆಲಸದವರಿಗೆ ಪಾಯಸದ ಊಟ ಹಾಕುತ್ತಾರೆ, ನೆಂಟರಿಷ್ಟರು ಬಂದು ನಿಂತು ನೋಡುತ್ತಾರೆ. ಬಿಚ್ಚುವ ದಿನ ನಾಯಿಯೂ ಆ ಕಡೆ ಸುಳಿಯುವುದಿಲ್ಲ. ಆದರೆ ಅಪ್ಪನಿಗೆ ಆ ದಿನವೇ ದೊಡ್ಡದು. "ಕಟ್ಟೋದೇನವ್ವ, ಯಾರ್ ಬೇಕಾದ್ರೂ ಕಟ್ತಾರೆ. ನಾನು ದುಡ್ಡು ಇಸ್ಕೊಳೋದು ಬಿಚ್ಚೋಕೆ" ಎನ್ನುತ್ತಿದ್ದರು.

ನಮ್ಮ ಮನೆಯದೇ ಒಂದು ಪದ್ಧತಿ ಇತ್ತು. ಮತ್ತಿ ಮರದ ಒಂದು ಕಂಬ. ಯಾವ ಕೆಲಸವಾದರೂ ಮೊದಲು ನಿಲ್ಲಿಸುವುದು ಅದನ್ನೇ. ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಕಟ್ಟಿ, ಕೈ ಮುಗಿದು ನಿಲ್ಲಿಸುವರು. ಬಿಚ್ಚುವಾಗ ಉಳಿದದ್ದೆಲ್ಲ ಹೊರಗೆ ಬಂದ ಮೇಲೆ, ಕಟ್ಟಕಡೆಗೆ ಅದನ್ನು ಮೇಸ್ತ್ರಿಯೇ ತನ್ನ ಕೈಯಾರೆ ತೆಗೆಯಬೇಕು. ತೆಗೆದು, ತಲೆಯ ಮೇಲಿನ ಕಾಂಕ್ರೀಟನ್ನು ಅಂಗೈಯಿಂದ ಒಮ್ಮೆ ಮುಟ್ಟಿ, ಅಪ್ಪ ಮೆಲ್ಲಗೆ ಹೇಳುತ್ತಿದ್ದರು, "ಇನ್ಮೇಲೆ ನೀನೇ ನಿಂತ್ಕೊಳಪ್ಪ." ಆಮೇಲೆ ಕಂಬ ಮನೆಗೆ ಬಂದು ಜಗಲಿಯ ಮೂಲೆಗೆ ಒರಗಿ ಮುಂದಿನ ಕೆಲಸದವರೆಗೂ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಅಪ್ಪನ ಕಾಲವಾದ ಮೇಲೆ ಅದು ನನ್ನ ಚಿಕ್ಕಪ್ಪನ ಮಗ ನಾಗರಾಜನ ಪಾಲಿಗೆ ಬಂತು. ಕೆಲಸ ಕಲಿತದ್ದೂ ಅವನು ಅಪ್ಪನ ಕೈಕೆಳಗೇ.

ನಾನು ಡಿಪ್ಲೊಮಾ ಮಾಡಿ ಕೆ.ಆರ್.ಪೇಟೆಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ನನ್ನ ಮೊದಲ ಮೇಲಧಿಕಾರಿ ಸ್ಲ್ಯಾಬನ್ನು ಬೂಟಿನ ಹಿಮ್ಮಡಿಯಿಂದ ಗುದ್ದಿ ಪರೀಕ್ಷೆ ಮಾಡುತ್ತಿದ್ದರು. ಗುದ್ದಿ, ಕಿವಿಗೊಟ್ಟು, "ಇನ್ನೂ ಒಂದು ತಲೆಮಾರು ತೊಂದರೆಯಿಲ್ಲ" ಎಂದು ತೀರ್ಪು ಕೊಡುವರು. ಮನೆಯಲ್ಲಿ ಹಲಸಿನ ಹಣ್ಣನ್ನೂ ಹೀಗೇ ನೋಡುತ್ತಿದ್ದರಂತೆ. ಕೆಳಗಿಳಿದು ನೋಡೋಣ ಸಾರ್ ಎಂದರೆ, "ಹೆಣ್ಣುಮಗಳು, ನೀವ್ಯಾಕಮ್ಮ ಮೋರಿಗೆ ಇಳೀತೀರಿ" ಎನ್ನುವರು. ನನ್ನ ಮೇಲಿನ ಕನಿಕರ ಅಲ್ಲ ಅದು. ನಾನು ಇಳಿದರೆ ತಾವೂ ಇಳಿಯಬೇಕಾಗುತ್ತದಲ್ಲ ಎಂಬ ಭಯ.

ಮುಂದೆ ಪಾಂಡವಪುರಕ್ಕೆ ವರ್ಗವಾಯಿತು. ತೊಣ್ಣೂರಿನ ಕಡೆ ಹೋಗುವ ಒಂದು ದಾರಿಯಲ್ಲಿ ಸಣ್ಣ ಸೇತುವೆಯ ಕೆಲಸ. ಕಾಂಕ್ರೀಟು ಹಾಕುವ ದಿನ ಕಂಟ್ರಾಕ್ಟರು ಭರ್ಜರಿ ಊಟ ಮಾಡಿಸಿದ್ದ. ಒಲೆಯ ಕಡೆಯಿಂದ ಮಸಾಲೆಯ ಘಮ ಬರುತ್ತಿದ್ದ ಹಾಗೆ ಕೆಲಸದವರ ಕೈ ಚುರುಕಾಯಿತು. ಬೇಗ ಹರಡಲಿ ಎಂದು ಮಿಕ್ಸರಿಗೆ ನೀರು ಸುರಿದದ್ದೇ ಸುರಿದದ್ದು. ಕಾಂಕ್ರೀಟು ಗಂಜಿಯ ಹಾಗೆ ಹರಿಯಿತು. ನಾನು ಕೂಗಾಡಿದೆ. ಮೇಲಧಿಕಾರಿಗಳು ಎಲೆಯ ಮುಂದೆ ಕೂತು "ಮೊದಲು ಪಾಯಸ ಕುಡಿಯಮ್ಮ" ಎಂದರು. ನಾನು ಊಟಕ್ಕೆ ಕೂರಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ ನೋಡಿದರೆ ಅಡಿಭಾಗವೆಲ್ಲ ಹುಳು ತಿಂದ ಹಲ್ಲಿನ ಹಾಗಿತ್ತು. ಹಟ ಹಿಡಿದು ಒಡೆಸಿ, ಹೊಸದು ಹಾಕಿಸಿದೆ. ಅಂದಿನಿಂದ ನನಗೆ ಒಡ್ಸೋ ಮೇಡಂ ಎಂದು ಹೆಸರಾಯಿತು. ಆ ಹೆಸರಿನ ಬಗ್ಗೆ ನನಗೆ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಕಣ್ಣಿಗೆ ಕಂಡದ್ದನ್ನು ಹಟ ಹಿಡಿದು ಹೇಳಿದರೆ ಕೆಲಸ ಸರಿಹೋಗುತ್ತದೆ ಎಂದು ನಂಬಿಕೊಂಡಿದ್ದ ವಯಸ್ಸು.

ಆಮೇಲೆ ಬಂದದ್ದು ಹೊಳೆಯ ಪಟ್ಟಣ. ಮೇಲಿನ ಕೆರೆಯ ಕೋಡಿಯಿಂದ ಹೊರಟು, ಊರಿನ ನಡುವೆ ಹರಿದು, ಮುಂದೆ ಕಾವೇರಿಗೆ ಸೇರುವ ಚಿಕ್ಕಹೊಳೆ. ನಾನು ಹೋದಾಗ ಅಲ್ಲಿ ಹೊಳೆಯೇ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆಯೇ ಬಸ್ಸು ನಿಲ್ಲಲಿ, ಅಂಗಡಿ ಬರಲಿ ಎಂದು ಅದರ ಮೇಲೆ ಉದ್ದಕ್ಕೂ ಸ್ಲ್ಯಾಬು ಎಳೆದಿದ್ದರು. ಮೇಲೆ ತರಕಾರಿ, ಹೂವು, ಚಪ್ಪಲಿ, ಮೊಬೈಲು. ಆಫೀಸಿನಲ್ಲಿ ಅದಕ್ಕೆ ದೊಡ್ಡ ಮೋರಿ ಎಂದೇ ಹೆಸರು. ಹೊಳೆ ಎಂದು ಕರೆಯುತ್ತಿದ್ದವಳು ಸ್ಲ್ಯಾಬಿನ ಮೇಲೇ ಟೀ ಅಂಗಡಿ ಇಟ್ಟುಕೊಂಡಿದ್ದ ಕೆಂಪಮ್ಮ ಒಬ್ಬಳೇ. ಅವಳ ಮನೆ ಇದ್ದದ್ದೂ ಹೊಳೆಯ ದಂಡೆಯ ತಗ್ಗಿನ ಕೇರಿಯಲ್ಲೇ.

ಹೋದ ಹೊಸದರಲ್ಲೇ ಒಳಗೆ ಇಳಿದು ನೋಡಬೇಕು ಎಂದೆ. ನಮ್ಮ ವರ್ಕ್ ಇನ್ಸ್‌ಪೆಕ್ಟರು ಬೋರೇಗೌಡ ಮೂಗಿಗೆ ಟವೆಲ್ಲು ಕಟ್ಟಿಕೊಂಡು, "ಮೇಡಂ, ಒಳೀಕ್ ಓದೋರು ಯಾರೂ ಇಲ್ಲ. ಮನೇಲಿ ಮಗಳ ಮದ್ವೆ ಗೊತ್ತಾಗ್ಯದೆ" ಎಂದ. ಬೇಸಿಗೆಯಾಗಿತ್ತು, ನೀರು ಮೊಣಕಾಲಿನ ಕೆಳಗಿತ್ತು, ಆಗಿನ್ನೂ ಹಳೆಯ ಸ್ಲ್ಯಾಬು ಅಲ್ಲಲ್ಲಿ ಬಿರಿದು ಗಾಳಿ ಆಡುತ್ತಿತ್ತು. ಟಾರ್ಚು ಎತ್ತಿ ನೋಡಿದೆ. ಕಾಂಕ್ರೀಟು ಕಳಚಿ ಬಿದ್ದು ಕಂಬಿಗಳು ಬರಿಮೈಯಲ್ಲಿ ಜೋಲುತ್ತಿದ್ದವು. ಮುಟ್ಟಿದರೆ ತುಕ್ಕು ಪುಡಿಪುಡಿಯಾಗಿ ಕೈಗೆ ಬಂತು. ನೇರ ಮೇಲೆ ಕೆಂಪಮ್ಮ ಟೀ ಸೋಸುತ್ತಾ ಯಾರನ್ನೋ ಬಯ್ಯುತ್ತಿದ್ದದ್ದು ಕೇಳುತ್ತಿತ್ತು. ಜನ ನಡೆದಾಡಿದರೆ ನನ್ನ ತಲೆಯ ಮೇಲೆ ಮರಳು ಉದುರುತ್ತಿತ್ತು. ಬೋರೇಗೌಡ ನನಗಿಂತ ಮೊದಲೇ ಹೊರಗೆ ಓಡಿದ್ದ.

ನಮ್ಮ ಸಾಹೇಬರಿಗೆ ಹೇಳಿದೆ. ಈ ಸಾಹೇಬರು ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಹೋದಾಗ ದೇವಲಾಪುರದವರೆಗೆ ಬಂದು ಮಣ್ಣು ಹಾಕಿ ಹೋದವರು. ಯಾರಿಗೂ ಇಲ್ಲ ಎನ್ನಲಾರರು. ಅದೇ ಅವರ ರೋಗ. "ಸದ್ಯಕ್ಕೆ ಗಿಲಾವು ಮಾಡಿಸೋಣಮ್ಮ" ಎಂದರು. ಕೊಳೆತ ಕಂಬಿಯ ಮೇಲೆ ಸಿಮೆಂಟು ಬಳಿದೆವು. ಮಳೆಗಾಲ ಕಳೆಯುವಷ್ಟರಲ್ಲಿ ಬಿತ್ತು. ಮತ್ತೆ ಬಳಿದೆವು. ಹೀಗೆ ವರ್ಷಗಟ್ಟಲೆ ಸತ್ತ ಮುಖಕ್ಕೆ ಪೌಡರ್ ಹಚ್ಚಿದೆವು. ಕಡೆಗೆ ಒಂದು ದಿನ ಕಬ್ಬು ತುಂಬಿದ ಟ್ರಾಕ್ಟರಿನ ಚಕ್ರ ಸ್ಲ್ಯಾಬಿನೊಳಕ್ಕೆ ಇಳಿದುಬಿಟ್ಟಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮಾರನೆಯ ದಿನವೇ ಎಲ್ಲರಿಗೂ ನಾನು ಹೇಳಿದ್ದು ನೆನಪಾಯಿತು. ಹಳೆಯದನ್ನು ಒಡೆದು ಹೊಸದು ಹಾಕುವುದು ಎಂದು ತೀರ್ಮಾನವಾಯಿತು.

ಒಡೆಯುವ ಕೆಲಸ ಶುರುವಾದಾಗ ಆದದ್ದನ್ನು ಮಾತ್ರ ಮರೆಯಲಾರೆ. ಯಂತ್ರಗಳು ಸ್ಲ್ಯಾಬನ್ನು ಕಿತ್ತು ಎತ್ತಿದ ಹಾಗೆಲ್ಲ ಕೆಳಗೆ ನೀರು ಬಿಸಿಲು ಕಂಡಿತು. ಆ ವರ್ಷ ಕೆರೆ ತುಂಬಿ ಕೋಡಿ ಸಣ್ಣಗೆ ಹರಿಯುತ್ತಿತ್ತು. ಕಸ ಕೊಚ್ಚಿಹೋದ ಮೇಲೆ ತಳದ ಮರಳು ಕಾಣುವಷ್ಟು ನೀರು ತಿಳಿಯಾಯಿತು. ಜನ ಬಂದು ದಂಡೆಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ಬಸ್ಸಿಗೆ ಕಾಯುವವರು ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ತಾತ್ಕಾಲಿಕವಾಗಿ ರಸ್ತೆ ಬದಿಗೆ ಅಂಗಡಿ ಸರಿಸಿಕೊಂಡಿದ್ದ ಕೆಂಪಮ್ಮ ನನ್ನ ಪಕ್ಕ ಬಂದು ನಿಂತಳು. "ನಾನ್ ಮದ್ವೆ ಆಗಿ ಬಂದಾಗ ಇಲ್ಲೇ ಕಣ್ರವ್ವ ಬಿಂದ್ಗೆ ತುಂಬ್ತಿದ್ದಿದ್ದು. ನನ್ ಕಾಲುಂಗ್ರ ಈ ನೀರ್ನಲ್ಲೇ ಬಿದ್ದೋಗಿತ್ತು. ನಮ್ಮತ್ತೆ ಬಾರ್ಸಿದ್ಲು ನೋಡಿ, ಇವತ್ಗೂ ಬೆನ್ ಉರೀತದೆ" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ನನಗೆ ಆಸೆ ಹುಟ್ಟಿತು. ಮುಚ್ಚುವುದೇ ಬೇಡ, ಎರಡೂ ಕಡೆ ತಡೆಗೋಡೆ ಕಟ್ಟಿ ಹೊಳೆಯನ್ನು ಹೊಳೆಯಾಗಿಯೇ ಬಿಡೋಣ, ಅಂಗಡಿಗಳಿಗೆ ಬೇರೆ ಜಾಗ ಕೊಡೋಣ ಎಂದು ಸಾಹೇಬರ ಮುಂದೆ ಕೂತು ವಾದ ಮಾಡಿದೆ. ಅವರು ಬೇಡ ಎನ್ನಲಿಲ್ಲ. ಅಂಗಡಿಯವರನ್ನು ಕೇಳಿ ಎಂದರು. ಕೇಳಿದೆ. ಮೊದಲು ಎದ್ದು ನಿಂತವಳು ಕೆಂಪಮ್ಮನೇ. "ಒಡ್ಸೋದು ನಿಮ್ಗ್ ಅಭ್ಯಾಸ ಮೇಡಮ್ಮೋರೆ. ನಮ್ ಒಟ್ಟೆ ಮ್ಯಾಲೂ ಒಡೀಬ್ಯಾಡಿ. ಒಳೆ ನೋಡ್ಕಂಡು ನಾವು ಟೀ ಎಲ್ಲಿ ಕಾಸನ?" ಎಂದಳು. ಎಲ್ಲರೂ ಹೌದೆಂದರು. ಅವಳದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬೇರೆ ಜಾಗ ಕೊಡುತ್ತೇವೆಂಬ ಮಾತನ್ನು ಆ ಜನ ಎಷ್ಟು ಸಾರಿ ಕೇಳಿಲ್ಲ.

ಕೊನೆಗೆ ನಾನು ಕೇಳಿಕೊಂಡದ್ದು ಒಂದೇ. ಪೂರ್ತಿ ಮುಚ್ಚುವುದಾದರೆ ಮುಚ್ಚಿ, ನಡುವೆ ಒಂದು ಕಡೆ ಬಾಯಿ ಬಿಡಿ. ಕಬ್ಬಿಣದ ಸರಳಿನ ಬಾಗಿಲು ಹಾಕೋಣ. ಒಳಗೆ ಗಾಳಿ ಆಡುತ್ತದೆ, ಹೂಳು ತೆಗೆಯಲು ಜನ ಇಳಿಯಬಹುದು, ಸೆಂಟ್ರಿಂಗ್ ಬಿಚ್ಚಿ ಹೊರಗೆ ತರಬಹುದು. ಅದಿಲ್ಲದಿದ್ದರೆ, ಕೆರೆ ಕಡೆಯ ತುದಿ ಬಲು ದೂರವಾದ್ದರಿಂದ, ಉಳಿಯುವುದು ಸಂತೆ ಮಾಳದ ಹಿಂದೆ ಹೊಳೆ ಹೊರಗೆ ಬೀಳುವ ತಗ್ಗಿನ ತೂಬು ಒಂದೇ. ಒಡೆದ ಕಲ್ಲುಮಣ್ಣು ಬಿದ್ದು ಅದೂ ಅರ್ಧ ಕಟ್ಟಿಕೊಂಡಿತ್ತು. ಸಾಹೇಬರು ನಕ್ಷೆಯಲ್ಲಿ ಬಾಯಿಯನ್ನು ಕೆಂಪು ಪೆನ್ನಿನಿಂದ ತಾವೇ ಗುರುತು ಮಾಡಿದರು. ಮನೆಗೆ ಬಂದು ಆ ರಾತ್ರಿ ಪಾಯಸ ಮಾಡಿದೆ.

ಸೆಂಟ್ರಿಂಗ್ ಕೆಲಸ ನಮ್ಮ ನಾಗರಾಜನಿಗೇ ಸಿಕ್ಕಿತು. ಕಂಟ್ರಾಕ್ಟರು ತಾನಾಗಿಯೇ ಕರೆದದ್ದು, ನಾನು ಹೇಳಿಸಿದ್ದಲ್ಲ. ಕೆಲಸದ ರೀತಿಯೇ ಬದಲಾಗಿಹೋಗಿತ್ತು. ಅಪ್ಪನ ಕಾಲದ ಸರ್ವೆ ಕಂಬ, ಮಾವಿನ ಹಲಗೆ ಹೋಗಿ, ತಿರುಗಿಸಿದರೆ ಏರುವ ಕಬ್ಬಿಣದ ಜಾಕಿ, ತಗಡಿನ ಶೀಟು ಬಂದಿದ್ದವು. ಸ್ಥಳದಲ್ಲೇ ಕಲಸುವ ಬದಲು ಲಾರಿಯಲ್ಲೇ ತಿರುಗುತ್ತಾ ಕಾಂಕ್ರೀಟು ಬರುತ್ತಿತ್ತು. ಕಬ್ಬಿಣದ ಆ ಕಾಡಿನ ನಡುವೆ ನಾಗರಾಜ ಮಾತ್ರ ದೇವಲಾಪುರದಿಂದ ಮತ್ತಿ ಕಂಬವನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ. ನಾವು ಬಿಟ್ಟಿದ್ದ ಬಾಯಿಯ ಅಂಚಿನ ಕೆಳಗೆ ಅದನ್ನು ನಿಲ್ಲಿಸಿ ಅರಿಶಿನ ಹಚ್ಚಿದ.

"ಏನ್ಲಾ ಆಚಾರಿ, ನೂರಾರು ಜಾಕಿ ನಡುವೆ ಈ ಮುದುಕಪ್ಪ ಯಾಕ್ಲಾ?" ಎಂದು ಬೋರೇಗೌಡ ಕಿಚಾಯಿಸಿದ.

"ಜಾಕಿಗೆ ನಮ್ ದೊಡ್ಡಪ್ಪನ ಗುರ್ತು ಇಲ್ಲ ಕಣ್ ಗೌಡ, ಇದ್ಕದೆ" ಎಂದ ನಾಗರಾಜ. ನನ್ನ ಕಡೆ ತಿರುಗಿ, "ಇದ್ನ ಬಾಯ್ ಪಕ್ಕದಲ್ಲೇ ನಿಲ್ಸಿವ್ನಿ ಅಕ್ಕ. ಕಡೇಲಿ ತಕ್ಕಂಡು ಅಂಗೇ ಮ್ಯಾಕ್ಕೆ ಬರ್ಬೋದು" ಎಂದ.

ಕೆಲಸ ಚೆನ್ನಾಗಿ ಆಯಿತು. ಈ ಬಾರಿ ಮಿಕ್ಸರಿಗೆ ನೀರು ಸುರಿಯುವವರಿರಲಿಲ್ಲ, ಪಾಯಸದ ಆತುರವೂ ಇರಲಿಲ್ಲ. ಗೋಣಿತಾಟು ಹಾಸಿ ನೀರು ಕಟ್ಟಿ ಕಾಪಾಡಿದೆವು. ಕಾಂಕ್ರೀಟು ಬಲಿತ ಮೇಲೆ ನಾಗರಾಜನ ಆಳುಗಳು ಬಾಯಿಯಿಂದ ಇಳಿದು ಜಾಕಿಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ತಂದರು. ಅಂಗಡಿಗಳು ಮತ್ತೆ ಮೇಲೆ ಬಂದವು. ಒಳಗೆ ಉಳಿದದ್ದು ಮತ್ತಿ ಕಂಬ ಒಂದೇ. ಒಳ್ಳೆಯ ದಿನ ನೋಡಿ ತೆಗೆಯುತ್ತೇನೆ ಎಂದು ನಾಗರಾಜ ಹೇಳಿದ್ದ.

ಅಷ್ಟರಲ್ಲಿ ಉದ್ಘಾಟನೆ ಗೊತ್ತಾಯಿತು. ದೊಡ್ಡವರು ಬರುತ್ತಾರೆ, ವೇದಿಕೆ ಸ್ಲ್ಯಾಬಿನ ನಡುವೆಯೇ ಆಗಬೇಕು ಎಂದು ಮೇಲಿನಿಂದ ಮಾತು ಬಂತು. ನಡುವೆ ಇದ್ದದ್ದು ನಮ್ಮ ಬಾಯಿ. ಸಾಹೇಬರು ನನ್ನನ್ನು ಕರೆಸಿ, ಕುರ್ಚಿ ತೋರಿಸಿ, ತಮ್ಮ ಕಾಫಿಯಲ್ಲಿ ಅರ್ಧ ಬಗ್ಗಿಸಿ ಕೊಟ್ಟರು. ಆಗಲೇ ನನಗೆ ಅರ್ಥವಾಯಿತು.

"ನೋಡಮ್ಮ, ಗಣ್ಯರು ನಿಂತು ಮಾತಾಡುವಾಗ ಕಾಲ ಬುಡದಲ್ಲಿ ಮೋರಿ ವಾಸನೆ ಬಂದರೆ ಚೆನ್ನಾಗಿರಲ್ಲ. ಸದ್ಯಕ್ಕೆ ಮುಚ್ಚಿಸಿಬಿಡೋಣ."

"ಸಾರ್, ಅದು ಮೋರಿ ವಾಸನೆ ಹೊರಗೆ ಹೋಗಲಿ ಅಂತಾನೇ ಬಿಟ್ಟಿರೋ ಬಾಯಿ. ಮುಚ್ಚಿದರೆ ಒಳಗಿನ ಗಾಳಿ ವಿಷ ಆಗುತ್ತೆ. ಮುಚ್ಚೋಕೆ ಮತ್ತೆ ಒಳಗೆ ಕಂಬ ನಿಲ್ಲಿಸಬೇಕು. ಆ ಕಂಬಗಳನ್ನ ತೆಗೆಯೋದು ಎಲ್ಲಿಂದ?"

"ಸಮಾರಂಭ ಮುಗಿದ ಮೇಲೆ ಒಡೆಸಿ ತೆಗೆದರಾಯಿತು. ನೀವೇ ಒಡೆಸಿ. ನಿಮಗೆ ಆ ಹೆಸರೇ ಇದೆಯಲ್ಲ" ಎಂದು ನಕ್ಕರು.

ಬರೆದುಕೊಡಿ ಎಂದೆ. ಬರೆದುಕೊಟ್ಟರು. ನಕ್ಷೆಯ ಮೇಲಿನ ಕೆಂಪು ಗುರುತಿನ ಮೇಲೆ ಅದೇ ಕೆಂಪು ಪೆನ್ನಿನಿಂದ ಗೀಟು ಎಳೆದರು. ಸರ್ವೀಸಿನಲ್ಲಿ ನಾನು ಯಾರ ಎದುರೂ ಅತ್ತವಳಲ್ಲ. ಆ ದಿನ ಮೆಟ್ಟಿಲಿಳಿಯುವಾಗ ಅತ್ತೆ.

ಜಾಕಿಗಳು ಆಗಲೇ ಬಾಡಿಗೆಯವರಿಗೆ ವಾಪಸಾಗಿದ್ದವು. ಕಂಟ್ರಾಕ್ಟರು ಎಲ್ಲಿಂದಲೋ ಒಂದಷ್ಟು ಸರ್ವೆ ಕಂಬ ತಂದು ಹಾಕಿದ. ನಾಗರಾಜ ಒಳಗಿಳಿದು ಅವನ್ನು ನಿಲ್ಲಿಸಿದ. ಮತ್ತಿ ಕಂಬದ ಮೇಲೂ ಹೊಸ ಭಾರ ಬಂದು ಕೂತಿತು. ಎಲ್ಲ ಮುಗಿಸಿ ಅವನು ಮೇಲೆ ಬಂದ ಮೇಲೆ ಕೊನೆಯ ಶೀಟನ್ನು ಹೊರಗಿನಿಂದಲೇ ಹಾಸಿ ಕಾಂಕ್ರೀಟು ಸುರಿದರು. ಉದ್ಘಾಟನೆಯ ದಿನ ಆ ಕಾಂಕ್ರೀಟು ಇನ್ನೂ ಹಸಿಹಸಿಯಾಗಿತ್ತು. ಅದರ ಮೇಲೆ ಹೆಸರುಗಳನ್ನು ಕೆತ್ತಿದ ಗ್ರಾನೈಟ್ ಕಲ್ಲು ನಿಂತಿತು. ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಕೆಂಪಮ್ಮ ಅಷ್ಟು ಜನಕ್ಕೂ ಟೀ ಕೊಟ್ಟಳು.

ಸಮಾರಂಭ ಮುಗಿದು ದಿನಗಳಾದವು. ಒಡೆಸೋಣ ಎಂದು ಸಾಹೇಬರನ್ನು ಕೇಳಿದೆ. "ಕಲ್ಲು ನಿಂತುಬಿಟ್ಟಿದೆಯಲ್ಲಮ್ಮ. ಈಗ ಅದನ್ನು ಕೀಳಿಸಿದರೆ ಆ ಹೆಸರಿನವರಿಗೆ ಅವಮಾನ ಮಾಡಿದ ಹಾಗೆ. ಸ್ವಲ್ಪ ತಣ್ಣಗಾಗಲಿ" ಎಂದರು. ಕಂಟ್ರಾಕ್ಟರು, "ನಾಲ್ಕು ಸೌದೆ ತುಂಡಿಗೆ ಯಾಕ್ ಮೇಡಂ ಇಷ್ಟು ತಲೆ ಕೆಡಿಸ್ಕೊತೀರ, ಅಲ್ಲೇ ಕೊಳೆತ್ಕೊಂಡು ಹೋಗ್ತವೆ" ಎಂದ. ನಾಗರಾಜನಿಗೆ ಮಾತ್ರ ನಿದ್ದೆಯಿರಲಿಲ್ಲ. ಅವನು ಆಫೀಸಿನ ಹೊರಗೆ ಹುಣಸೆ ಮರದ ಕೆಳಗೆ ನನಗಾಗಿ ಕಾದು ನಿಂತಿರುತ್ತಿದ್ದ.

"ಮಳೆ ಇಡ್ಕತದೆ ಅಕ್ಕ. ಕೋಡಿ ಬಿದ್ರೆ ಕಸ ಎಲ್ಲಾ ಬಂದು ಆ ಕಂಬಕ್ಕೆ ಕಟ್ಕತದೆ. ನೀರು ಇಂದಕ್ಕೆ ನುಗ್ತದೆ. ಮೊದ್ಲು ಮುಳ್ಗೋದು ಕೆಂಪಮ್ಮನ ಕೇರಿ. ನಾನು ತೂಬಿನ ಕಡೆಯಿಂದ ಓಗಿ ಬಿಚ್ಬುಡ್ತೀನಿ."

"ಬೇಡ ಕಣ್ಲಾ ನಾಗ. ಒಳಗೆ ಗಾಳಿ ಇಲ್ಲ. ನಿನ್ನ ದಮ್ಮಯ್ಯ ಅಂತೀನಿ, ಹೋಗ್ಬೇಡ. ಕಲ್ಲು ತೆಗೆಸ್ತೀನಿ, ತಡ್ಕೊ."

"ಕಲ್ಲು ತಗೀತಾರಾ ಅಕ್ಕ? ಎಸ್ರು ಕೆತ್ತಿಸ್ಬುಟ್ಟವ್ರೆ" ಎಂದ. "ದೊಡ್ಡಪ್ಪ ಒಂದು ಕಡ್ಡಿನೂ ಒಳಗ್ ಬುಟ್ಟು ಮನೇಗ್ ಓದೋರಲ್ಲ" ಎಂದ.

ಮೋಡ ಕಟ್ಟಿದ ಒಂದು ಬೆಳಗ್ಗೆ ನಾನು ಕಲ್ಲಿನ ವಿಷಯವಾಗಿಯೇ ಸಾಹೇಬರ ಕೋಣೆಯಲ್ಲಿ ಕೂತಿದ್ದೆ. ಬೋರೇಗೌಡನ ಫೋನು ಬಂತು. ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ, "ಮೇಡಂ, ನಾಗರಾಜಾಚಾರಿ ಒಳೀಕ್ ಓಗ್ಬುಟ್ಟವ್ನೆ. ಅಗ್ಗ ಕಟ್ಕಂಡೇ ಓದ. ಗಾಳಿ ಇಲ್ಲ ಕಣ್ರೋ ಅಂತ ಒಂದ್ ಕಿತ ಕೂಗ್ದ. ಈಗ ಕೂಗಿದ್ರೆ ಮಾತಿಲ್ಲ. ಅಗ್ಗ ಎಳುದ್ರೆ ಬತ್ತಿಲ್ಲ. ನಮ್ಮ ಉಡ್ಗ ಒಬ್ಬ ಎಲ್ಡ್ ಎಜ್ಜೆ ಒಳಗಿಟ್ಟು ತಲೆ ತಿರುಗಿ ಬಿದ್ದ" ಎಂದು ಅತ್ತುಬಿಟ್ಟ. ಅಗ್ನಿಶಾಮಕದವರು ಬಂದಿದ್ದಾರಂತೆ. ತೂಬಿನಲ್ಲಿ ಕಲ್ಲುಮಣ್ಣು ಕಟ್ಟಿಕೊಂಡಿದೆ, ನೇರ ಮೇಲಿನಿಂದ ಇಳಿಯಲು ಬಾಯಿ ಎಲ್ಲಿದೆ ಎಂದು ಕೇಳುತ್ತಿದ್ದಾರಂತೆ. ಬೋರೇಗೌಡ ಕಲ್ಲನ್ನು ತೋರಿಸಿದ್ದಾನೆ. ಒಡೆಯಲು ಯಾರಾದರೂ ಹೇಳಬೇಕಲ್ಲ ಎಂದು ಅವರು ನಿಂತಿದ್ದಾರಂತೆ.

ಒಡೀರಿ, ನಾನು ಹೇಳ್ತಿದ್ದೀನಿ ಒಡೀರಿ ಎಂದು ಫೋನಿನಲ್ಲಿ ಕಿರುಚಿದೆ. ಅಲ್ಲಿದ್ದವರು ನಿಮ್ಮ ಸಾಹೇಬರು ಹೇಳಲಿ ಎಂದರು. ಸಾಹೇಬರು ಎದುರಿಗೇ ಇದ್ದರು. ಫೋನನ್ನು ಅವರ ಕೈಗೆ ಹಿಡಿದೆ. ಅವರ ಮುಖ ಬಿಳಿಚಿಕೊಂಡಿತ್ತು. "ಒಂದು ನಿಮಿಷ ಇರಿ, ಮೇಲಿನವರಿಗೆ ಒಂದು ಮಾತು ಹೇಳಿಬಿಡ್ತೀನಿ" ಎಂದರು. ತಮ್ಮ ಫೋನು ತೆಗೆದು ಯಾರಿಗೋ ಮಾಡಿದರು. ಅವರು ಎತ್ತಲಿಲ್ಲ. ಮತ್ತೊಬ್ಬರಿಗೆ ಮಾಡಿದರು. ಅವರು ಮೀಟಿಂಗಿನಲ್ಲಿದ್ದರು. ನಾನು ಅವರ ಮೇಜನ್ನು ಗುದ್ದಿದೆ, ಕಾಲು ಹಿಡಿಯಲು ಬಗ್ಗಿದೆ. "ಬೇಡಮ್ಮ, ಬೇಡಮ್ಮ" ಎನ್ನುತ್ತಾ ಅವರು ಮೂರನೆಯವರ ನಂಬರು ಹುಡುಕುತ್ತಿದ್ದರು. ಒಳ್ಳೆಯ ಮನುಷ್ಯ. ಇಂದಿಗೂ ಅವರನ್ನು ನೆನೆದರೆ ನನಗೆ ನಂಬರು ಹುಡುಕುವ ಆ ಬೆರಳುಗಳೇ ಕಾಣುತ್ತವೆ.

ಅಪ್ಪಣೆ ಬರಲೇ ಇಲ್ಲ. ಕಾಯುವುದು ಸಾಕೆಂದು ಅಗ್ನಿಶಾಮಕದವರೇ ಮುಖವಾಡ ಹಾಕಿಕೊಂಡು, ತೂಬಿನ ಕಲ್ಲುಮಣ್ಣು ತೋಡಿ ದಾರಿ ಮಾಡಿಕೊಂಡು ಒಳಗೆ ಹೋದರು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾಗರಾಜನನ್ನು ಹೊರಗೆ ತಂದು ಸಂತೆ ಮಾಳದ ಹುಲ್ಲಿನ ಮೇಲೆ ಮಲಗಿಸಿದ್ದರು. ಕಂಬಗಳಿಗೆ ಇನ್ನೂ ಒಂದು ಮಾರು ದೂರ ಇರುವಾಗಲೇ ಬಿದ್ದಿದ್ದನಂತೆ. ಮತ್ತಿ ಕಂಬವನ್ನು ಅವನು ಮುಟ್ಟಿರಲಿಲ್ಲ. ಮುಖ ತೊಳೆಸಿದೆ. ಮೂಗಿನೊಳಗೆಲ್ಲ ಕೆಸರಿತ್ತು.

ದೇವಲಾಪುರದಲ್ಲಿ ಮಣ್ಣು ಮಾಡಿ ಬಂದ ಮೇಲೆ ನಾಗರಾಜನ ಹೆಂಡತಿ ರತ್ನ ನನ್ನನ್ನು ಜಗಲಿಗೆ ಕರೆದಳು. ಪರಿಹಾರದ ಮಾತಿರಬಹುದು ಎಂದುಕೊಂಡೆ. ಅವಳು ಜಗಲಿಯ ಮೂಲೆ ತೋರಿಸಿ, "ಅಕ್ಕ, ಕಂಬ ಬಂತಾ?" ಎಂದು ಕೇಳಿದಳು. ಇಲ್ಲ ಕಣವ್ವ ಎಂದೆ. "ಇವತ್ ಬೆಳಗ್ಗೆನೂ ಮೂಲೆ ಗುಡ್ಸಿ ಇಟ್ಟಿವ್ನಿ" ಎಂದಳು.

ವಿಚಾರಣೆ ನಡೆಯಿತು. ನಾನು ಎಲ್ಲವನ್ನೂ ಹೇಳಿದೆ, ಸಾಹೇಬರು ಬರೆದುಕೊಟ್ಟದ್ದನ್ನೂ ಮುಂದಿಟ್ಟೆ. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಬಂದ ತೀರ್ಮಾನ, ಮೃತನು ಅನುಮತಿಯಿಲ್ಲದೆ ಒಳಗೆ ಪ್ರವೇಶಿಸಿದ್ದಾನೆ ಎಂದು. ಇನ್ನು ಮುಂದೆ ಯಾರೂ ಹೀಗೆ ಹೋಗಬಾರದೆಂದು ತೂಬಿನ ಬಾಯಿಗೂ ದಪ್ಪ ಸರಳು ಬೆಸೆದರು. ಕಲ್ಲು ಇದ್ದಲ್ಲೇ ಇತ್ತು. ಹೊಳೆಗೆ ಇದ್ದ ಕೊನೆಯ ಬಾಗಿಲೂ ಮುಚ್ಚಿತು.

ಆ ವರ್ಷ ಕೋಡಿ ಬಿತ್ತು. ನಾಗರಾಜ ಹೇಳಿದ ಹಾಗೇ ಕಸವೆಲ್ಲ ಕಂಬಕ್ಕೂ ಸರಳಿಗೂ ಕಟ್ಟಿಕೊಂಡು ನೀರು ಹಿಂದಕ್ಕೆ ನುಗ್ಗಿತು, ಕೆಂಪಮ್ಮನ ಕೇರಿಯಲ್ಲಿ ಮಂಚದ ಮಟ್ಟಕ್ಕೆ ನಿಂತಿತು. ನೋಡಲು ಹೋದ ನನ್ನ ಮೇಲೆ ಅವಳು ಹರಿಹಾಯ್ದಳು. "ಅದ್ಯಾವ್ ಮೊಕ ಒತ್ಕಂಡು ಬಂದ್ರಿ? ಕಟ್ಸಿದ್ದು ನೀವೇ ಅಲ್ವಾ!" ಬಯ್ದು ಬಯ್ದು ಸುಸ್ತಾಗಿ, ಒದ್ದೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆ ಆಚಾರಪ್ಪ ದಿನಾ ನನ್ ತಾವ ಟೀ ಕುಡೀತಿದ್ದ. ಸಕ್ರೆ ಜಾಸ್ತಿ ಅಂತಿದ್ದ" ಎಂದಳು. ಜನ ಹೊಸಿಲು ಎತ್ತರಿಸಿಕೊಂಡರು. ಪ್ರತಿ ವರ್ಷವೂ ಒಂದೊಂದು ಸಾಲು ಇಟ್ಟಿಗೆ ಏರಿಸುತ್ತಿದ್ದಾರೆ.

ನಾನು ನಿವೃತ್ತಿಯಾದೆ. ಹಾರ ಹಾಕಿ, ಶಾಲು ಹೊದೆಸಿ, "ದಿಟ್ಟ ಅಧಿಕಾರಿ" ಎಂದು ಹೊಗಳಿದರು. ಕೇಳಿ ನಗು ಬಂತು. ದಿಟ್ಟತನದಿಂದ ಆದದ್ದೇನು ಎಂದು ಎಣಿಸಿ ನೋಡಿದರೆ ತೊಣ್ಣೂರು ದಾರಿಯ ಸಣ್ಣ ಸೇತುವೆ ಒಂದಿದೆ. ಅದೂ ರಸ್ತೆ ಅಗಲ ಮಾಡುವಾಗ ಹೋಯಿತಂತೆ. ಈಗ ಅದೇ ಪಟ್ಟಣದಲ್ಲಿ ಹೊಳೆಯ ಉಳಿದ ಭಾಗವನ್ನೂ ಮುಚ್ಚುತ್ತಾರೆ ಎಂದು ಮೊನ್ನೆ ಬಂದಿದ್ದ ಒಬ್ಬ ಹುಡುಗಿ ಹೇಳಿದಳು. ನಕ್ಷೆ ತಂದಿದ್ದಳು. ಬಾಯಿ ಎಲ್ಲಮ್ಮ ಎಂದು ಕೇಳಿದೆ. "ಬಿಟ್ಟಿದ್ದೆ ಮೇಡಂ. ಅಲ್ಲಿ ಒಂದು ಮೂರ್ತಿ ಬರುತ್ತೆ ಅಂತ ತೆಗೆಸಿದರು" ಎಂದಳು. ಅವಳ ಕಣ್ಣಲ್ಲಿ ನನ್ನ ಹಳೆಯ ಸಿಟ್ಟೇ ಇತ್ತು. ಇನ್ನೊಂದು ಚಕ್ಕುಲಿ ತಗೋ ಎಂದೆ.

ಆದ್ದರಿಂದ ನಿಮಗೆ ಹೇಳುವ ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಹೊಳೆಯನ್ನು ಬಿಡಿಸಿ ಎಂದು ಕೇಳುವುದಿಲ್ಲ. ನಮ್ಮ ಕೈಲಿ ಆಗದ್ದು ನಿಮ್ಮ ಕೈಲಿ ಆಗುತ್ತದೆ ಎಂಬ ಭರವಸೆ ನನಗಿಲ್ಲ. ಒಂದು ಸಣ್ಣ ಕೆಲಸ ಇದೆ. ಎಂಥ ಸ್ಲ್ಯಾಬಿಗೂ ಒಂದು ದಿನ ಆಯಸ್ಸು ಮುಗಿಯುತ್ತದೆ. ನಾವು ಹಾಕಿದ್ದನ್ನೂ ಒಡೆಯುವ ಕಾಲ ಬರುತ್ತದೆ. ಆಗ ನಾನು ಇರುವುದಿಲ್ಲ, ಆ ಕೆಲಸ ನಿಮ್ಮಲ್ಲೇ ಯಾರದೋ ಪಾಲಿಗೆ ಬೀಳುತ್ತದೆ. ಹೆಸರು ಕೆತ್ತಿದ ಕಲ್ಲಿನ ನೇರ ಕೆಳಗೆ ನೋಡಿ. ಸರ್ವೆ ಕಂಬಗಳು ಕೊಳೆತು ನೀರಿಗೆ ಸೇರಿಹೋಗಿರುತ್ತವೆ. ಮತ್ತಿಯದು ಅಷ್ಟು ಬೇಗ ಕೊಳೆಯುವುದಿಲ್ಲ, ನಿಂತಿರುತ್ತದೆ. ಯಂತ್ರದಿಂದ ಎಳೆಯಬೇಡಿ. ಉಳಿದದ್ದೆಲ್ಲ ಹೊರಗೆ ಬಂದ ಮೇಲೆ, ಕೊನೆಗೆ, ಕೈಯಲ್ಲೇ ತೆಗೆಯಿರಿ. ದೇವಲಾಪುರಕ್ಕೆ ಕಳಿಸಿಕೊಡಿ. ರತ್ನ ದಿನಾ ಬೆಳಗ್ಗೆ ಆ ಮೂಲೆಯನ್ನು ಗುಡಿಸಿ ಖಾಲಿ ಇಟ್ಟಿರುತ್ತಾಳೆ.